ತೊಳೆದ ಗಾಡಿ, ಸವೆದ ಟಯರು

ಪ್ರತಿ ವರ್ಷ ಮಹಾನವಮಿಯ ಮಧ್ಯಾಹ್ನವಾಗುತ್ತಿದ್ದಂತೆ ನನ್ನ ದೂರವಾಣಿಗೆ ಚಿತ್ರಗಳು ಬರತೊಡಗುತ್ತವೆ. ಹಳೆಯ ವಿದ್ಯಾರ್ಥಿಗಳು, ತಮ್ಮಂದಿರ ಮಕ್ಕಳು, ಅಳಿಯಂದಿರು ತಮ್ಮ ತಮ್ಮ ಮೋಟಾರು ಸೈಕಲ್ಲುಗಳನ್ನು ತೊಳೆದು, ಹ್ಯಾಂಡಲ್ಲಿಗೆ ಬಾಳೆಕಂದು ಕಟ್ಟಿ, ಹೆಡ್‌ಲೈಟಿಗೆ ಸೇವಂತಿಗೆಯ ಹಾರ ಹಾಕಿ, ಟ್ಯಾಂಕಿನ ಮೇಲೆ ವಿಭೂತಿಯ ಮೂರು ಪಟ್ಟೆ ಎಳೆದು ತೆಗೆದ ಚಿತ್ರಗಳು. 'ಆಶೀರ್ವಾದ ಮಾಡಿ ಸಾರ್' ಎಂದು ಕೆಳಗೊಂದು ಸಾಲು. ಆಶೀರ್ವಾದ ಮಾಡಲು ನನಗೇನೂ ಅಡ್ಡಿಯಿಲ್ಲ. ಆದರೆ ಮೂವತ್ತಕ್ಕೂ ಹೆಚ್ಚು ವರ್ಷ ಉತ್ತರಪತ್ರಿಕೆಗಳನ್ನು ತಿದ್ದಿದ ಕಣ್ಣು ಇದು; ಹಾರವನ್ನು ಬಿಟ್ಟು ಹಾರದ ಕೆಳಗಿನ ಟಯರಿನ ಮೇಲೆಯೇ ಹೋಗಿ ನಿಲ್ಲುತ್ತದೆ. ಈ ಸಲ ಬಂದ ಚಿತ್ರಗಳಲ್ಲಿ ಮೂರರಲ್ಲಿ ಹಿಂದಿನ ಟಯರು ನನ್ನ ನೆತ್ತಿಯಷ್ಟೇ ನುಣ್ಣಗಿತ್ತು. ಒಂದರಲ್ಲಿ ಚೈನು ಬಟ್ಟೆ ಒಣಹಾಕುವ ಹಗ್ಗದಂತೆ ಜೋತುಬಿದ್ದಿತ್ತು. ಇನ್ನೊಂದರಲ್ಲಿ ಎರಡೂ ಕನ್ನಡಿಗಳನ್ನು ಬಿಚ್ಚಿ ತೆಗೆದಿದ್ದರು. ಆದರೆ ಯಾರ ದೃಷ್ಟಿಯೂ ತಾಕದಿರಲೆಂದು ಅದೇ ಹ್ಯಾಂಡಲ್ಲಿಗೆ ಕಪ್ಪುದಾರ ಕಟ್ಟಿದ್ದರು. ಹಿಂದಿನಿಂದ ಬರುವ ಲಾರಿ ಕಾಣಿಸದಿದ್ದರೂ ಚಿಂತೆಯಿಲ್ಲ, ಎದುರುಮನೆಯವರ ಕಣ್ಣು ಮಾತ್ರ ಬೀಳಬಾರದು ಎಂಬ ಈ ವಿವೇಕವನ್ನು ಕುರಿತು ಬರೆಯದೆ ಇರಲಾಗಲಿಲ್ಲ.

ಪೂಜೆಯ ಬಗ್ಗೆ ನನಗೆ ತಕರಾರಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ನಮ್ಮ ಅತ್ತಿಗೆಯವರಿಂದ ಸಂಜೆಯೊಳಗೆ ಕರೆ ಬರುತ್ತದೆ. ನಮ್ಮ ಹಳ್ಳಿಯ ಬಡಗಿ ಆಯುಧಪೂಜೆಯ ಹಿಂದಿನ ದಿನ ಗರಗಸಕ್ಕೆ ಅರ ಹಾಕುತ್ತಿದ್ದ, ಉಳಿಯನ್ನು ಸಾಣೆ ಹಿಡಿಯುತ್ತಿದ್ದ, ಬಾಚಿಯ ಸಡಿಲ ಕಾವನ್ನು ಬಿಗಿ ಮಾಡುತ್ತಿದ್ದ, ಆಮೇಲೆ ಕುಂಕುಮ. ರೈತ ನೇಗಿಲಿನ ಕುಳವನ್ನು ಕುಲುಮೆಗೆ ಕೊಟ್ಟು ತಂದ ಮೇಲೆ ಅದಕ್ಕೆ ಅರಿಸಿನ ಹಚ್ಚುತ್ತಿದ್ದ. ಮೊಂಡು ಉಳಿಗೆ ಹೂವಿಟ್ಟು ಕೈಮುಗಿದವನನ್ನು ನಾನು ನೋಡಲಿಲ್ಲ. ನಾವು ಆ ಹಬ್ಬದ ಎರಡನೆಯ ಭಾಗವನ್ನು ಮಾತ್ರ ಉಳಿಸಿಕೊಂಡಿದ್ದೇವೆ. ಅದನ್ನೂ ಹೇಗೆ ಉಳಿಸಿಕೊಂಡಿದ್ದೇವೆ ನೋಡಿ: ವಾಹನಕ್ಕೆ ಅಪಾಯ ಬಾರದಿರಲಿ ಎಂದು ನಡುರಸ್ತೆಯಲ್ಲಿ ಬೂದುಗುಂಬಳಕಾಯಿ ಒಡೆಯುತ್ತೇವೆ. ಆ ತಿರುಳು, ಕುಂಕುಮದ ನೀರು ರಸ್ತೆಯ ಮೇಲೆ ಲೋಳೆಯಾಗಿ ಹರಡಿಕೊಳ್ಳುತ್ತದೆ. ರಾತ್ರಿ ಬರುವ ಎರಡು ಚಕ್ರದ ಗಾಡಿಯವನು ಅದರ ಮೇಲೆ ಜಾರಿ ಬೀಳುತ್ತಾನೆ. ಒಬ್ಬನ ಗಾಡಿಯ ರಕ್ಷೆಗೆ ಇನ್ನೊಬ್ಬನ ಮೊಣಕಾಲು ಬಲಿ. ಕಾಯಿ ಒಡೆದವರು ಹೋಳುಗಳನ್ನು ಬದಿಗೆ ಸರಿಸಿ ಒಂದು ಹಿಡಿ ಮಣ್ಣು ಹಾಕಿದರೆ ಯಾವ ದೇವರೂ ಮುನಿಯಲಾರರು.

ತೊಳೆಯುವುದನ್ನೇ ನಾವು ಆರೈಕೆ ಎಂದು ತಿಳಿದಿರುವುದು ಎಲ್ಲಕ್ಕಿಂತ ದೊಡ್ಡ ತಪ್ಪು ತಿಳಿವಳಿಕೆ. ವಾಟರ್ ಸರ್ವೀಸ್ ಅಂಗಡಿಯಲ್ಲಿ ರಭಸದ ನೀರು ಬಿಟ್ಟರೆ ಚೈನಿನಲ್ಲಿ ಉಳಿದಿದ್ದ ಅಲ್ಪಸ್ವಲ್ಪ ಎಣ್ಣೆಯೂ ತೊಳೆದುಹೋಗುತ್ತದೆ, ಬೇರಿಂಗಿನೊಳಕ್ಕೆ ನೀರು ಇಳಿಯುತ್ತದೆ. ಹೊಳಪು ಬರಲೆಂದು ಕೆಲವರು ಟಯರಿಗೂ ಪಾಲಿಶ್ ಬಳಿಸುತ್ತಾರೆ. ಮಗ್ಗುಲಿಗೆ ಬಳಿದದ್ದು ಒಂದಿಷ್ಟು ಜಾರಿ ನೆಲ ಮುಟ್ಟುವ ಭಾಗಕ್ಕೆ ತಗುಲಿದರೆ ಏನಾದೀತೆಂಬುದನ್ನು ಹೇಳಲು ಭೌತಶಾಸ್ತ್ರ ಓದಬೇಕಾಗಿಲ್ಲ, ಬಚ್ಚಲಲ್ಲಿ ಒಮ್ಮೆ ಜಾರಿದ್ದರೆ ಸಾಕು. ಗಾಡಿ ಫಳಫಳ ಹೊಳೆಯುತ್ತದೆ, ನೋಡಿದವರು 'ಚೆನ್ನಾಗಿ ಇಟ್ಟುಕೊಂಡಿದ್ದೀರಿ' ಎನ್ನುತ್ತಾರೆ. ಬ್ರೇಕ್ ಶೂ ಎಷ್ಟು ಉಳಿದಿದೆ ಎಂದು ಯಾರೂ ಕೇಳುವುದಿಲ್ಲ.

ಇದನ್ನು ಹೇಳಿದಾಗಲೆಲ್ಲ ನನಗೆ ಸಿಗುವ ಉತ್ತರ ಒಂದೇ: "ಮೇಷ್ಟ್ರೇ, ಈಗಿನ ಬೈಕುಗಳು ನಿಮ್ಮ ಕಾಲದ ಜಾವಾದ ಹಾಗಲ್ಲ. ಏನೂ ನೋಡಬೇಕಾಗಿಲ್ಲ." ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಅಪಾಯವಿರುವುದೂ ಆ ಅರ್ಧದಲ್ಲಿಯೇ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳಬೇಕು.

ಜಾವಾದ ಕಥೆ ಮೈಸೂರಿನ ಸುತ್ತಮುತ್ತಲಿನವರಿಗೆ ಹೊಸದಲ್ಲ. ಚೆಕೊಸ್ಲೊವಾಕಿಯಾದ ಪರವಾನಗಿಯಲ್ಲಿ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ತಯಾರಿಕೆ ಆರಂಭಿಸಿತು. ಎಪ್ಪತ್ತರ ದಶಕದಲ್ಲಿ ಅದೇ ಗಾಡಿ ಯೆಜ್ಡಿಯೆಂಬ ಹೆಸರು ಪಡೆಯಿತು. 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಹಳೆಯ ಹೆಸರುಗಳು 2018ರಲ್ಲಿ ಮತ್ತು 2022ರಲ್ಲಿ ಹೊಸ ಗಾಡಿಗಳ ಮೇಲೆ ಮರಳಿ ಬಂದವು, ಅದು ಬೇರೆ ಮಾತು. ನನ್ನ ವಯಸ್ಸಿನವರು ಆ ಹಳೆಯ ಗಾಡಿಯನ್ನು ನೆನೆದು ಕಣ್ಣೀರಿಡುವುದನ್ನು ಕಂಡಾಗ ನನಗೆ ನಗು ಬರುತ್ತದೆ. ಅದು ಸುಲಭದ ಗಾಡಿಯಾಗಿರಲಿಲ್ಲ. ಪೆಟ್ರೋಲಿಗೆ ಅಳತೆಯಂತೆ ಎಣ್ಣೆ ಬೆರೆಸಬೇಕು. ಸೈಲೆನ್ಸರಿನಲ್ಲಿ ಕಟ್ಟಿದ ಮಸಿಯನ್ನು ಕಾಲಕಾಲಕ್ಕೆ ಬಿಚ್ಚಿ ತೆಗೆಯಬೇಕು. ಕಾಂಟ್ಯಾಕ್ಟ್ ಪಾಯಿಂಟಿನ ಅಂತರ ಸರಿಯಿಲ್ಲದಿದ್ದರೆ, ಪ್ಲಗ್ಗಿಗೆ ಎಣ್ಣೆ ಕಟ್ಟಿದ್ದರೆ, ಎಷ್ಟು ಒದ್ದರೂ ಹೊರಡದು. ಆರು ವೋಲ್ಟಿನ ದೀಪ ನಿಧಾನವಾಗಿ ಹೋದರೆ ಮಿಣುಕುಹುಳುವಿನಂತೆ ಉರಿಯುತ್ತಿತ್ತು. ಬ್ರೇಕು ಎರಡೂ ಕಡೆ ಡ್ರಮ್ಮು, ಅದರ ಹಿಡಿತ ಈಗಿನ ಡಿಸ್ಕಿನ ಮುಂದೆ ಏನೇನೂ ಅಲ್ಲ. ಆ ಗಾಡಿ ಒಳ್ಳೆಯದಾಗಿತ್ತು, ಈಗಿನವು ಕೆಟ್ಟವು ಎನ್ನುವ ಮುದುಕರ ಸಾಲಿಗೆ ದಯವಿಟ್ಟು ನನ್ನನ್ನು ಸೇರಿಸಬೇಡಿ.

ಆದರೆ ಆ ಗಾಡಿಗೆ ಒಂದು ಗುಣವಿತ್ತು. ತನ್ನನ್ನು ನೋಡದ ಯಜಮಾನನನ್ನು ಅದು ಮನೆಯಿಂದ ಹೊರಡಲು ಬಿಡುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಗೋಣಿಚೀಲ ಹಾಸಿ, ಸ್ಪ್ಯಾನರ್ ಹಿಡಿದು ಕೂರಲೇಬೇಕು. ಪ್ಲಗ್ಗು ಬಿಚ್ಚಲು ಕೂತವನ ಕಣ್ಣಿಗೆ ಪಕ್ಕದಲ್ಲಿದ್ದ ಟಯರಿನ ಬಿರುಕೂ ಬೀಳುತ್ತಿತ್ತು, ಕ್ಲಚ್ ಕೇಬಲ್ಲಿನ ಎಳೆ ಕಿತ್ತದ್ದೂ ಬೀಳುತ್ತಿತ್ತು. ಎಂಜಿನ್ನು ಕೊಟ್ಟ ಕಾಟದಿಂದಾಗಿ ಉಳಿದ ಅಂಗಗಳಿಗೂ ವಾರಕ್ಕೊಮ್ಮೆ ದರ್ಶನಭಾಗ್ಯ ದೊರೆಯುತ್ತಿತ್ತು.

1985ರಲ್ಲಿ ಹೀರೋ ಹೋಂಡಾದ ನೂರು ಸಿಸಿಯ ಫೋರ್ ಸ್ಟ್ರೋಕ್ ಗಾಡಿ ಬಂತು. ಪೆಟ್ರೋಲಿಗೆ ಎಣ್ಣೆ ಬೆರೆಸುವ ತಾಪತ್ರಯವಿಲ್ಲ, ಒಂದು ಒದೆತಕ್ಕೆ ಹೊರಡುತ್ತದೆ, ಲೀಟರಿಗೆ ಎಲ್ಲರೂ ಬಾಯಿ ಬಿಡುವಷ್ಟು ಓಡುತ್ತದೆ. 'ತುಂಬಿಸಿ, ಮುಚ್ಚಿ, ಮರೆತುಬಿಡಿ' ಎಂಬ ಅರ್ಥದ ಅದರ ಜಾಹೀರಾತು ದೇಶದಲ್ಲೆಲ್ಲ ಮನೆಮಾತಾಯಿತು. ಆ ಮಾತು ಪೆಟ್ರೋಲಿಗೆ ಸಂಬಂಧಿಸಿದ್ದು. ಮೇಲಿಂದ ಮೇಲೆ ಬಂಕಿಗೆ ಹೋಗಬೇಕಾಗಿಲ್ಲ ಎಂದಷ್ಟೇ ಅದರ ತಾತ್ಪರ್ಯ. ನಾವು ಮಾತ್ರ ಕೊನೆಯ ಪದವೊಂದನ್ನೇ ಕಂಠಪಾಠ ಮಾಡಿಕೊಂಡೆವು. (ಪಾಠದ ಕೊನೆಯ ಸಾಲನ್ನಷ್ಟೇ ಓದಿ ಪರೀಕ್ಷೆಗೆ ಬರುತ್ತಿದ್ದವರ ಹೆಸರುಗಳು ನನಗೆ ಇಂದಿಗೂ ನೆನಪಿವೆ, ಹೇಳುವುದಿಲ್ಲ.) ಆಮೇಲೆ ಬಟನ್ ಒತ್ತಿದರೆ ಹೊರಡುವ ಗಾಡಿಗಳು ಬಂದವು. 2020ರ ಬಿಎಸ್-6 ನಿಯಮದ ನಂತರ ಬಹುತೇಕ ಗಾಡಿಗಳಲ್ಲಿ ಕಾರ್ಬ್ಯುರೇಟರ್ ಹೋಗಿ ಇಂಧನವನ್ನು ಕಂಪ್ಯೂಟರೇ ಅಳೆದು ಕೊಡುವ ವ್ಯವಸ್ಥೆ ಬಂತು. ಎಂಜಿನ್ನು ನಿಜಕ್ಕೂ ಮರೆತುಬಿಡಬಹುದಾದ ಹಂತಕ್ಕೆ ಸಮೀಪವಾಗಿದೆ.

ಮರೆಯಬಾರದ ಭಾಗಗಳು ಮಾತ್ರ ಇದ್ದಲ್ಲೇ ಇವೆ. ಟಯರು ಇಂದಿಗೂ ರಬ್ಬರು. ಅದು ನೆಲವನ್ನು ಮುಟ್ಟುವ ಜಾಗ ನಿಮ್ಮ ಅಂಗೈಯಗಲಕ್ಕಿಂತ ಹೆಚ್ಚಿಲ್ಲ. ಪಂಕ್ಚರ್ ಆಗದಿದ್ದರೂ ಗಾಳಿ ವಾರದಿಂದ ವಾರಕ್ಕೆ ತಾನಾಗಿಯೇ ಇಳಿಯುತ್ತದೆ. ಬ್ರೇಕ್ ಶೂ, ಪ್ಯಾಡ್ ಸವೆಯುತ್ತವೆ. ಡಿಸ್ಕ್ ಬ್ರೇಕಿನ ದ್ರವ ಗಾಳಿಯಲ್ಲಿನ ತೇವವನ್ನು ಹೀರುತ್ತಲೇ ಇರುತ್ತದೆ, ಬದಲಿಸದೆ ವರ್ಷಗಟ್ಟಲೆ ಬಿಟ್ಟರೆ ಇಳಿಜಾರಿನಲ್ಲಿ ಕಾದು ಕುದಿದು ಲಿವರು ಮೆತ್ತಗಾಗುತ್ತದೆ. ಚೈನಂತೂ ಹಳೆಯ ಜಾವಾದಲ್ಲಿ ಪೂರ್ತಿ ಮುಚ್ಚಿದ ಪೆಟ್ಟಿಗೆಯೊಳಗೆ ಓಡುತ್ತಿತ್ತು. ಈಗಿನ ಹುಡುಗರು ಇಷ್ಟಪಡುವ ಗಾಡಿಗಳಲ್ಲಿ ಅದು ಧೂಳು, ಕೆಸರಿಗೆ ಬರಿಮೈ ಒಡ್ಡಿಕೊಂಡಿರುತ್ತದೆ. ಕೆಟ್ಟ ಎಂಜಿನ್ನು ಮನೆಯ ಮುಂದೆಯೇ ಕೆಟ್ಟು ನಿಲ್ಲುತ್ತದೆ. ಕೆಟ್ಟ ಬ್ರೇಕು ಹಾಗಲ್ಲ, ನಿಮ್ಮನ್ನು ಆರಾಮವಾಗಿ ಹೊರಡಿಸಿಕೊಂಡು ಹೋಗುತ್ತದೆ. ಅದು ಕೆಟ್ಟಿದೆಯೆಂದು ತಿಳಿಯುವುದು ಅಡ್ಡ ಬಂದ ಟ್ರ್ಯಾಕ್ಟರಿನ ಮುಂದೆ. ಕಾಟ ಕೊಡುತ್ತಿದ್ದ ಭಾಗ ಸಾಧುವಾಯಿತೆಂದು ನಾವು ಸ್ಪ್ಯಾನರನ್ನು ಅಟ್ಟಕ್ಕೆ ಎಸೆದೆವು, ಕೊಲ್ಲುವ ಭಾಗವನ್ನು ನೋಡುವವರೇ ಇಲ್ಲವಾದರು. ಅಷ್ಟರಲ್ಲಿ ವೇಗವೂ ಏರಿತು. ಗಂಟೆಗೆ 40 ಕಿಲೋಮೀಟರಿನಿಂದ 60ಕ್ಕೆ ಏರಿದಾಗ ವೇಗ ಒಂದೂವರೆಯಷ್ಟಾಗುತ್ತದೆ, ಚಲನಶಕ್ತಿ ಎರಡೂಕಾಲಿನಷ್ಟಾಗುತ್ತದೆ. ಒಂಬತ್ತನೆಯ ತರಗತಿಯಲ್ಲಿ ಈ ಲೆಕ್ಕವನ್ನು ನನ್ನಿಂದಲೇ ಕಲಿತವರು ನೀವು. ಆ ಶಕ್ತಿಯಷ್ಟನ್ನೂ ನುಂಗಬೇಕಾದದ್ದು ಆ ಸವೆದ ಶೂ, ಆ ನುಣ್ಣನೆಯ ಟಯರು.

"ಸರ್ವೀಸಿಗೆ ಕೊಡುತ್ತೇವಲ್ಲ" ಎನ್ನುತ್ತೀರಿ. ವರ್ಷಕ್ಕೆರಡು ಸಲ ದಂತವೈದ್ಯರ ಬಳಿ ಹೋಗುತ್ತೇನೆ, ಆದ್ದರಿಂದ ದಿನವೂ ಹಲ್ಲುಜ್ಜುವುದಿಲ್ಲ ಎಂದಂತಾಯಿತು. ದಿನಕ್ಕೆ ಮೂವತ್ತು ಕಿಲೋಮೀಟರು ಓಡಾಡುವವನ ಗಾಡಿ ತಿಂಗಳಿಗೆ 900 ಕಿಲೋಮೀಟರು ಓಡುತ್ತದೆ. ಸರ್ವೀಸಿನಿಂದ ಸರ್ವೀಸಿನವರೆಗೆ ಚೈನು ಒಣಗಿ ಕಿರಿಚುತ್ತಿರಬೇಕೆ? ಸರ್ವೀಸಾದರೂ ಹೇಗಿರುತ್ತದೆ ಎಂಬುದಕ್ಕೆ ನಮ್ಮ ಮನೆಯದೇ ನಿದರ್ಶನ. ನನ್ನ ತಮ್ಮನ ಮಗ ಕಳೆದ ವರ್ಷ ಗಾಡಿಯನ್ನು ಸರ್ವೀಸಿನಿಂದ ನೇರವಾಗಿ ನಮ್ಮ ಮನೆಗೆ ತಂದ. ಬಿಲ್ಲಿನಲ್ಲಿ ಚೈನು ಶುಚಿ ಮಾಡಿ ಎಣ್ಣೆ ಹಾಕಿದ್ದಕ್ಕೆ ಹಣ ಬರೆದಿದ್ದರು. ಚೈನಿಗೆ ಬೆರಳು ಒತ್ತಿದೆ. ಬೆರಳಿಗೆ ಹತ್ತಿದ್ದು ಎಣ್ಣೆಯಲ್ಲ, ಕೆಂಪು ತುಕ್ಕು. ಹುಡುಗ ಸಿಟ್ಟಿನಿಂದ ಮರಳಿ ಹೋಗಿ ಜಗಳವಾಡಿ ಬಂದ. ಸರಿಯಾಗಿಯೇ ಮಾಡಿದ. ಆದರೆ ಅವರು ಅವನಿಗೆ ಮೋಸ ಮಾಡಬಲ್ಲವರಾದದ್ದು ಹೇಗೆ? ಬಗ್ಗಿ ನೋಡುವ ಗಿರಾಕಿ ದಿನಕ್ಕೊಬ್ಬನೂ ಬರುವುದಿಲ್ಲವೆಂಬುದು ಅವರಿಗೆ ಚೆನ್ನಾಗಿ ಗೊತ್ತು. ಗಾಡಿಯ ಜೊತೆ ಬರುವ ಕೈಪಿಡಿ ಸೀಟಿನ ಕೆಳಗೆ ಪ್ಲಾಸ್ಟಿಕ್ಕಿನೊಳಗೆ ಹಾಗೆಯೇ ಇರುತ್ತದೆ. ಎರಡು ಲಕ್ಷ ರೂಪಾಯಿ ಕೊಟ್ಟು ಕೊಂಡ ಏಕೈಕ ಪಠ್ಯಪುಸ್ತಕ ಅದು, ಪುಟ ತೆರೆದವರಿಲ್ಲ. ಗಾಳಿ ಎಷ್ಟಿರಬೇಕು, ಚೈನಿನ ಸಡಿಲು ಎಷ್ಟು ಮಿಲಿಮೀಟರು, ಎಷ್ಟು ಕಿಲೋಮೀಟರಿಗೊಮ್ಮೆ ಎಣ್ಣೆ, ಎಲ್ಲವೂ ಅದರಲ್ಲಿದೆ. ನೋಡಲು ಬೇಕಾದದ್ದು ವಾರಕ್ಕೆ ಹತ್ತು ನಿಮಿಷ. ಆ ಹತ್ತು ನಿಮಿಷಕ್ಕೆ ಸಮಯವಿಲ್ಲದವರು ಅದೇ ಗಾಡಿಯ ಮುಂದೆ ನಿಂತು ಇಪ್ಪತ್ತು ಚಿತ್ರ ತೆಗೆಸಿಕೊಳ್ಳುತ್ತಾರೆ.

ಸವಾರಿಯ ಬಗ್ಗೆಯೂ ಒಂದು ಮಾತು. 'ಮುಂದಿನ ಬ್ರೇಕ್ ಮುಟ್ಟಬೇಡ, ಮಗುಚಿ ಬೀಳ್ತೀಯ' ಎಂಬುದು ನಮ್ಮಲ್ಲಿ ಅಪ್ಪನಿಂದ ಮಗನಿಗೆ ಬರುವ ಪಿತ್ರಾರ್ಜಿತ ಅಜ್ಞಾನ. ಬ್ರೇಕು ಹಿಡಿದೊಡನೆ ಭಾರವೆಲ್ಲ ಮುಂದಿನ ಚಕ್ರದ ಮೇಲೆ ವಾಲುತ್ತದೆ, ಹಿಂದಿನದು ಹಗುರವಾಗುತ್ತದೆ. ಘರ್ಷಣೆಯಾದರೋ ಭಾರವಿದ್ದ ಕಡೆಗೆ ಹೆಚ್ಚು. ಹಾಗಾಗಿ ಗಾಡಿಯನ್ನು ನಿಲ್ಲಿಸುವ ಕೆಲಸದಲ್ಲಿ ಹೆಚ್ಚಿನ ಪಾಲು ಮುಂದಿನ ಚಕ್ರದ್ದು. ಹಿಂದಿನದನ್ನಷ್ಟೇ ತುಳಿದರೆ ಆ ಚಕ್ರ ತಿರುಗುವುದನ್ನು ನಿಲ್ಲಿಸಿ ಉಜ್ಜಿಕೊಂಡು ಅಡ್ಡಡ್ಡ ಹೋಗುತ್ತದೆ. ಮುಂದಿನದನ್ನು ಮೆಲ್ಲಮೆಲ್ಲನೆ ಬಿಗಿಗೊಳಿಸುತ್ತ, ಎರಡನ್ನೂ ಸೇರಿಸಿ, ಗಾಡಿ ನೆಟ್ಟಗಿರುವಾಗ ಹಿಡಿಯಬೇಕು. ತಿರುವಿನಲ್ಲಿಯೋ ಮರಳಿನ ಮೇಲೋ ಗಬಕ್ಕನೆ ಹಿಡಿದರೆ ಬೀಳುವುದು ನಿಜ, ಆದರೆ ಅದು ಕೈಯ ದೋಷ. ನಾವು ಕಲಿಯಲೊಲ್ಲೆವೆಂದು ಕಡೆಗೆ ಸರ್ಕಾರ ಗಾಡಿಗೇ ಕಲಿಸಿತು: 2019ರ ಏಪ್ರಿಲಿನಿಂದ 125 ಸಿಸಿಗಿಂತ ದೊಡ್ಡ ಗಾಡಿಗಳಿಗೆ ಚಕ್ರ ಸಿಕ್ಕಿಕೊಳ್ಳದಂತೆ ತಡೆಯುವ ಎಬಿಎಸ್ ಕಡ್ಡಾಯವಾಯಿತು, ಅದಕ್ಕಿಂತ ಚಿಕ್ಕವಕ್ಕೆ ಕನಿಷ್ಠಪಕ್ಷ ಎರಡೂ ಚಕ್ರಗಳ ಬ್ರೇಕನ್ನು ಜೋಡಿಸುವ ಸಿಬಿಎಸ್. ಆದರೆ ಎಬಿಎಸ್ ಕೂಡ ಟಯರಿನಲ್ಲಿ ಇಲ್ಲದ ಹಿಡಿತವನ್ನು ಹುಟ್ಟಿಸಿಕೊಡಲಾರದು. 60ರ ವೇಗದಲ್ಲಿ ಕಣ್ಣು ಕಂಡು ಕೈ ಅಲುಗುವ ಒಂದು ಸೆಕೆಂಡಿನಲ್ಲಿಯೇ ಗಾಡಿ ಹತ್ತಿರಹತ್ತಿರ 17 ಮೀಟರು ಸಾಗಿರುತ್ತದೆ. ನಮ್ಮ ಶಾಲೆಯ ಎರಡು ಕೊಠಡಿಗಳಷ್ಟು ಉದ್ದ; ಬ್ರೇಕು ಇನ್ನೂ ಹಿಡಿದೇ ಇಲ್ಲ.

ಈಗ ನಮ್ಮ ಬಂಧುಗಳು ಮುಖ ಗಂಟಿಕ್ಕುವ ಮಾತಿಗೆ ಬರುತ್ತೇನೆ. ನಮ್ಮ ಕುಟುಂಬದ ಮದುವೆಗಳಿಗೆ ಜನ ಬಂದಿಳಿಯುವುದನ್ನು ಛತ್ರದ ಬಾಗಿಲಲ್ಲಿ ನಿಂತು ನೋಡುತ್ತಿರುತ್ತೇನೆ. ಯಜಮಾನರ ತಲೆಗೆ ಹೆಲ್ಮೆಟ್ಟಿದೆ. ಹಿಂದೆ ಒಂದೇ ಬದಿಗೆ ಕಾಲು ಇಳಿಬಿಟ್ಟು ಕುಳಿತ ಹೆಂಡತಿಯ ತಲೆಯಲ್ಲಿ ಮಲ್ಲಿಗೆ ಇದೆ. ಆಕೆಯ ತೋಳಿನಲ್ಲಿ ಮಗು, ಟ್ಯಾಂಕಿನ ಮೇಲೆ ಇನ್ನೊಂದು ಮಗು. ಈ ಸಂಸಾರದಲ್ಲಿ ತಲೆಯೆಂಬುದು ಒಬ್ಬರಿಗೆ ಮಾತ್ರ ಇದೆಯೆ? ಕೇಳಿದರೆ 'ಹೂವು ಬಾಡುತ್ತದೆ ದೊಡ್ಡಪ್ಪ', 'ಇಲ್ಲೇ ಹತ್ತಿರ ಮಾವ', 'ಕೂದಲು ಉದುರುತ್ತೆ'. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವೆಂದು 2016ರ ಜನವರಿಯಲ್ಲಿಯೇ ಜಾರಿಗೆ ತಂದರು. 2019ರ ತಿದ್ದುಪಡಿಯಲ್ಲಿ ನಾಲ್ಕು ವರ್ಷ ಮೀರಿದ ಮಕ್ಕಳನ್ನೂ ಅದರೊಳಗೆ ಸೇರಿಸಿದರು. ಅದಕ್ಕಿಂತ ಚಿಕ್ಕ ಮಕ್ಕಳಿಗೆ ಹೆಲ್ಮೆಟ್ಟಿನ ಜೊತೆ ಸವಾರನಿಗೆ ಬಿಗಿಯುವ ಪಟ್ಟಿ ಬೇಕು, ವೇಗ 40 ದಾಟಬಾರದು ಎಂಬ ನಿಯಮ 2023ರ ಫೆಬ್ರುವರಿಯಿಂದ ಇದೆ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ದ್ವಿಚಕ್ರ ವಾಹನಗಳ ಮೇಲಿದ್ದವರು 74,897. ಹೆಲ್ಮೆಟ್ ಧರಿಸದೆ ಸತ್ತವರು 50,029, ಆ ಪೈಕಿ ಹಿಂದೆ ಕುಳಿತಿದ್ದವರು 14,337. ದಿನಕ್ಕೆ ಮೂವತ್ತೊಂಬತ್ತು ಜನ. ಅವರಲ್ಲಿ ಎಷ್ಟೋ ಮಂದಿ 'ಇಲ್ಲೇ ಹತ್ತಿರ' ಹೊರಟವರೇ ಇರಬೇಕು.

ಧರಿಸಿದವರ ಹೆಲ್ಮೆಟ್ಟಾದರೂ ಎಂಥದು? ರಸ್ತೆಬದಿಯಲ್ಲಿ ರಾಶಿ ಹಾಕಿ ಮಾರುವ, ಅರ್ಧ ತೆಂಗಿನ ಚಿಪ್ಪಿನಂಥ ವಸ್ತು. ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ಟನ್ನು ಮಾರುವುದೇ 2021ರ ಜೂನಿನಿಂದ ಅಪರಾಧ. ಆದರೂ ಕೊಳ್ಳುವವರಿದ್ದಾರೆ, ಏಕೆಂದರೆ ಅವರು ಕೊಳ್ಳುತ್ತಿರುವುದು ತಲೆಗಾಗಿ ಅಲ್ಲ, ಮುಂದಿನ ವೃತ್ತದಲ್ಲಿ ನಿಂತ ಪೊಲೀಸಿನವರಿಗಾಗಿ. ಕೆಲವರು ಒಳ್ಳೆಯದನ್ನೇ ಕೊಂಡು ಗಲ್ಲದ ಪಟ್ಟಿ ಬಿಗಿಯದೆ ಇಡುತ್ತಾರೆ. ಬಿದ್ದಾಗ ತಲೆಗಿಂತ ಮೊದಲು ಹೆಲ್ಮೆಟ್ಟು ಸುರಕ್ಷಿತ ಸ್ಥಳಕ್ಕೆ ಹೋಗಿ ಸೇರುತ್ತದೆ.

ಕೊನೆಗೆ ಸೀರೆ ಗಾರ್ಡು. ಹಿಂದಿನ ಚಕ್ರಕ್ಕೆ ಬಟ್ಟೆ ಸಿಕ್ಕಿಕೊಳ್ಳದಂತೆ ಅದರ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಭಾಗವನ್ನು ಮುಚ್ಚುವ ಸಾಧನವಿರಬೇಕು, ಹಿಡಿಕೆ ಇರಬೇಕು, ಕಾಲಿಡಲು ಆಸರೆ ಇರಬೇಕು ಎಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿಯೇ ಇದೆ. ಹೊಸ ಗಾಡಿ ತಂದ ಹುಡುಗರು ಮೊದಲು ಕಿತ್ತು ತೆಗೆಸುವುದು ಇದನ್ನೇ. 'ಲುಕ್ ಹಾಳಾಗುತ್ತೆ ಸಾರ್.' ಕೆಲವು ವರ್ಷಗಳ ಹಿಂದೆ ನನ್ನ ಶಿಷ್ಯನೊಬ್ಬನ ಮನೆಗೆ ಹನ್ನೊಂದನೆಯ ದಿನ ಹೋಗಿದ್ದೆ. ಊರು, ಹೆಸರು ಬೇಡ. ತಾಯಿಯನ್ನು ದೇವಸ್ಥಾನಕ್ಕೆ ಕರೆದುಕೊಂಡು ಹೋಗುತ್ತಿದ್ದಾನೆ, ಸೆರಗು ಚಕ್ರಕ್ಕೆ ಸುತ್ತಿಕೊಂಡಿದೆ. ಗಾಡಿಯ ವೇಗ ಮೂವತ್ತೂ ಇರಲಿಲ್ಲವಂತೆ. ಆ ತಾಯಿ ನಮ್ಮ ಶಾಲೆಯ ಪ್ರತಿ ಪೋಷಕರ ಸಭೆಗೂ ಬಂದು ಹಿಂದಿನ ಬೆಂಚಿನಲ್ಲಿ ಕುಳಿತಿರುತ್ತಿದ್ದರು. ಜಗಲಿಯ ಪಕ್ಕದಲ್ಲಿ ಗಾಡಿ ನಿಂತಿತ್ತು. ಬಿಚ್ಚಿ ತೆಗೆದಿದ್ದ ಗಾರ್ಡು ಸೌದೆ ಕೊಟ್ಟಿಗೆಯ ಮೂಲೆಯಲ್ಲಿತ್ತು, ಇನ್ನೂ ಹೊಸದರಂತೆ ಹೊಳೆಯುತ್ತಿತ್ತು. ಬಂದವರೆಲ್ಲ 'ಹಣೆಬರಹ' ಎನ್ನುತ್ತಿದ್ದರು. ಆ ಮನೆಯಲ್ಲಿ ನಾನು ಏನನ್ನೂ ಹೇಳಲಿಲ್ಲ. ಅದು ಹೇಳುವ ಹೊತ್ತಲ್ಲ. ಇಲ್ಲಿ ಹೇಳುತ್ತೇನೆ. ನಾಲ್ಕು ಬೋಲ್ಟು ಬಿಚ್ಚಿ ತೆಗೆದದ್ದನ್ನು ಬ್ರಹ್ಮನ ಬರಹವೆಂದು ಕರೆಯುವುದು ಬ್ರಹ್ಮನಿಗೂ ಅನ್ಯಾಯ, ಸತ್ತವರಿಗೂ ಅನ್ಯಾಯ.

ಇದನ್ನು ಓದಿ 'ಮೇಷ್ಟ್ರು ಇನ್ನೂ ಬೆತ್ತ ಕೆಳಗಿಟ್ಟಿಲ್ಲ' ಎಂದು ನಗುವವರು ನಗಲಿ. ನಮ್ಮ ಮನೆಯ ಜಗಲಿಯಲ್ಲಿ ಗಾಳಿಯ ಒತ್ತಡ ನೋಡುವ ಮಾಪಕ, ಚೈನಿಗೆ ಹಾಕುವ ಎಣ್ಣೆಯ ಡಬ್ಬಿ, ಹಳೆಯ ಹಲ್ಲುಜ್ಜುವ ಬ್ರಷ್ಷು, ಒಂದು ಜೊತೆ ಸ್ಪ್ಯಾನರು ಇಟ್ಟಿದ್ದೇನೆ. ಭಾನುವಾರ ಬೆಳಿಗ್ಗೆ ಎಂಟರ ಮೇಲೆ ಯಾರು ಬೇಕಾದರೂ ಗಾಡಿ ತರಬಹುದು. ಬಗ್ಗುವುದು ಮಾತ್ರ ನೀವೇ, ನನ್ನ ಸೊಂಟ ಒಪ್ಪುವುದಿಲ್ಲ. ಕೆಲಸ ಮುಗಿದ ಮೇಲೆ ಕಾಫಿ ಇದೆ. ಹಿಂದೆ ಕುಳಿತವರಿಗೆ ಹೆಲ್ಮೆಟ್ಟಿಲ್ಲದೆ ಕರೆತಂದವರಿಗೆ ಆ ಕಾಫಿ ಸಿಗುವುದಿಲ್ಲ. ಈ ನಿಯಮಕ್ಕೆ ನಮ್ಮ ಮನೆಯವಳ ಒಪ್ಪಿಗೆಯೂ ಇದೆ, ಆದ್ದರಿಂದ ಅಡುಗೆಮನೆಯ ಕಡೆಯಿಂದ ಶಿಫಾರಸು ತರಲು ಯಾರೂ ಪ್ರಯತ್ನಿಸಬೇಡಿ.